ಹಿಂದಿ ಬಾರದ ಹಿಂದಿ ಮೇಷ್ಟ್ರು

ಅವರು ತೀರಿಕೊಂಡ ಸುದ್ದಿ ಬಂದಾಗ ನಾನು ಮೊದಲು ಮಾಡಿದ ಕೆಲಸ ಬಾಗಿಲು ಹಾಕಿಕೊಂಡಿದ್ದು. ಹಗಲು ಹನ್ನೊಂದು ಗಂಟೆ, ಭಾನುವಾರ, ಬೀದಿಯಲ್ಲಿ ಮಕ್ಕಳು ಆಡುತ್ತಿದ್ದರು. ನನ್ನನ್ನು ಹಿಡಿಯಲು ಯಾರೂ ಬರುವುದಿಲ್ಲವೆಂದು ಗೊತ್ತಿದ್ದೂ ಚಿಲಕ ಹಾಕಿ ಅದಕ್ಕೆ ಬೆನ್ನು ಕೊಟ್ಟು ನಿಂತೆ. ಅಡುಗೆಮನೆಯಿಂದ ಹೆಂಡತಿ, "ಯಾರ್ರೀ ಬಂದಿದ್ದು?" ಎಂದಳು. "ನಮ್ಮ ಹಿಂದಿ ಮೇಷ್ಟ್ರು ಹೋಗ್ಬಿಟ್ರಂತೆ" ಎಂದೆ. ಮದುವೆಯಾಗಿ ಐದು ವರ್ಷವಾಗಿದ್ದರೂ ಅವಳ ಪಾಲಿಗೆ ಅವರು ಹಿಂದಿ ಮೇಷ್ಟ್ರೇ. ಅವರಿಗೆ ಹಿಂದಿಯ ಒಂದಕ್ಷರವೂ ಬರುತ್ತಿರಲಿಲ್ಲ. ಅವರು ಮದ್ರಾಸಿನಲ್ಲಿ ಪ್ರೊಬೇಷನ್ ಆಫೀಸರ್ ಆಗಿದ್ದರು. ನಾನು ಎರಡು ವರ್ಷ ಅವರ ಉಸ್ತುವಾರಿಯಲ್ಲಿದ್ದ ಕಳ್ಳ.

ಕಳ್ಳ ಎಂಬ ಮಾತನ್ನು ಬರೆಯುವಾಗ ಕೈ ತಡೆಯುತ್ತದೆ. ಆದರೆ ಇನ್ನೇನು ಹೇಳಲಿ? ಎಪ್ಪತ್ತರ ದಶಕದ ಕೊನೆಯ ವರ್ಷಗಳು. ಪಿಯುಸಿಯಲ್ಲಿ ಎರಡು ಸಲ ಗೋತಾ ಹೊಡೆದು ಬೀದಿ ಸುತ್ತುತ್ತಿದ್ದೆ. ಅಪ್ಪ ರೈಲ್ವೆಯಲ್ಲಿ ಗುಮಾಸ್ತರು, ಮೂಲ ನಂಜನಗೂಡಿನ ಕಡೆ, ವಾಸ ಚೆಟ್ಪೆಟ್ ಹತ್ತಿರದ ಕ್ವಾರ್ಟರ್ಸಿನಲ್ಲಿ. ಆಗಿನ್ನೂ ಕೋಡಂಬಾಕ್ಕಂನ ಸ್ಟುಡಿಯೋಗಳಲ್ಲಿ ಕನ್ನಡ ಚಿತ್ರಗಳ ಶೂಟಿಂಗ್ ನಡೆಯುತ್ತಿತ್ತು. ಕನ್ನಡ ಬಾರದ ನಟಿಯರಿಗೆ ಮರೆಯಲ್ಲಿ ನಿಂತು ಮಾತು ಹೇಳಿಕೊಡಲು ಕನ್ನಡ ಓದಬಲ್ಲ ಒಬ್ಬ ಬೇಕಾಗಿದ್ದ. ನಾನು ದಿನಗೂಲಿಗೆ ಸೇರಿಕೊಂಡೆ. ಅಲ್ಲಿ ಲೈಟು ಹೊರುವವರಲ್ಲಿ ಸೆಲ್ವಂ ಎಂಬ ಹುಡುಗನಿದ್ದ. ನನಗಿಂತ ಒಂದು ವರ್ಷ ಚಿಕ್ಕವನು. ಅಪ್ಪನಿಲ್ಲ, ಅಮ್ಮ ಇನ್ನೊಬ್ಬನೊಡನೆ ಹೋಗಿದ್ದಳು, ಮಲಗುತ್ತಿದ್ದದ್ದು ಒಂದು ಟೀ ಅಂಗಡಿಯ ಹಿಂದೆ. ಶಾಲೆಯ ಮುಖ ನೋಡಿದವನಲ್ಲ. ಸ್ಟುಡಿಯೋದ ಮೂಲೆಯಲ್ಲಿ ಬಿದ್ದಿದ್ದ ತಾಮ್ರದ ಕೇಬಲ್ ಸುರುಳಿಯನ್ನು ಹೊರಗೆ ಸಾಗಿಸುವ ಯೋಚನೆ ನನ್ನದು. ಹೊತ್ತವನು ಅವನು. ಗೇಟಿನಲ್ಲೇ ಇಬ್ಬರೂ ಸಿಕ್ಕಿಬಿದ್ದೆವು.

ಇಬ್ಬರಿಗೂ ಇಪ್ಪತ್ತೊಂದು ತುಂಬಿರಲಿಲ್ಲ, ಮೊದಲ ತಪ್ಪು ಬೇರೆ. ಮ್ಯಾಜಿಸ್ಟ್ರೇಟರು ಜೈಲಿಗೆ ಕಳಿಸದೆ ಎರಡು ವರ್ಷ ಪ್ರೊಬೇಷನ್ ಮೇಲೆ ಬಿಟ್ಟರು. ಅಂದರೆ ಮನೆಯಲ್ಲೇ ಇರಬಹುದು, ಕೆಲಸ ಮಾಡಬಹುದು, ಆದರೆ ಬಾಂಡಿನಲ್ಲಿ ಬರೆದುಕೊಟ್ಟ ಷರತ್ತು ಮೀರಿದರೆ ಹಳೆಯ ತಪ್ಪಿಗೆ ಹೊಸದಾಗಿ ಶಿಕ್ಷೆ. ನಮ್ಮ ಷರತ್ತುಗಳಲ್ಲಿ ಒಂದು, ನಾವಿಬ್ಬರೂ ಒಬ್ಬರನ್ನೊಬ್ಬರು ಕಾಣಬಾರದು, ಮಾತಾಡಬಾರದು ಎಂಬುದು. ಎರಡು ವರ್ಷ ಸರಿಯಾಗಿ ಕಳೆದರೆ ಈ ಕೇಸಿನಿಂದ ಮುಂದೆ ಸರ್ಕಾರಿ ಕೆಲಸಕ್ಕೂ ಅಡ್ಡಿಯಿಲ್ಲವೆಂದು ವಕೀಲರು ಅಪ್ಪನಿಗೆ ಹೇಳಿದರು. ಅಪ್ಪ ಆ ಮಾತನ್ನು ಜಪಿಸಿಕೊಂಡು ಮನೆಗೆ ಬಂದರು. ನಾನು ಭಯವನ್ನು ಹೊತ್ತುಕೊಂಡು ಬಂದೆ. ಎರಡು ವರ್ಷ ಎಂದರೆ ಎಷ್ಟು ದಿನವೆಂದು ಆ ಸಂಜೆ ಕ್ಯಾಲೆಂಡರ್ ಹಿಡಿದು ಎಣಿಸಿದ್ದು ನೆನಪಿದೆ.

ಅವರು ಮೊದಲ ಸಲ ಬಂದದ್ದು ಒಂದು ಮಂಗಳವಾರ. ಬೀದಿಯಲ್ಲೇ ನಿಂತು ಎರಡು ಸಲ ಕೆಮ್ಮಿದರು. ಆಮೇಲೆ ಬಾಗಿಲು ತಟ್ಟಿದರು. ಪ್ರತಿ ಸಲವೂ ಹಾಗೇ ಮಾಡುತ್ತಿದ್ದರು. ಒಮ್ಮೆ ಅಮ್ಮ ಗಂಟಲಿಗೆ ಕಷಾಯ ಮಾಡಿಕೊಡಲು ಹೋದಾಗ, "ಕೆಮ್ಮಿಲ್ಲಮ್ಮ ನನ್ಗೆ. ಒಳ್ಗಿರೋರು ಮೊಕ ಸರಿ ಮಾಡ್ಕೊಳ್ಲಿ ಅಂತ" ಎಂದರು. ನಮ್ಮ ಮುಖಗಳು ಎಷ್ಟು ಕೆಮ್ಮಿದರೂ ಸರಿಯಾಗುತ್ತಿರಲಿಲ್ಲ, ಅದು ಬೇರೆ ಮಾತು. ಇವತ್ತಿಗೂ ಬೀದಿಯಲ್ಲಿ ಯಾರಾದರೂ ಎರಡು ಸಲ ಕೆಮ್ಮಿದರೆ ನಾನು ಕೈಯಲ್ಲಿದ್ದದ್ದನ್ನು ಕೆಳಗಿಟ್ಟು ಎದ್ದು ನಿಲ್ಲುತ್ತೇನೆ.

ಹೊಸೂರಿನ ಕಡೆಯವರು. ಮನೆಮಾತು ಕನ್ನಡ, ಆದರೆ ತಮಿಳು ಅದರೊಳಗೆ ಹಾಲಿಗೆ ನೀರು ಬೆರೆತ ಹಾಗೆ ಬೆರೆತಿತ್ತು. ಎತ್ತರದ ಸಣಕಲು ಆಳು, ಬಿಳಿ ಅರ್ಧ ತೋಳಿನ ಅಂಗಿ, ಹೆಗಲಲ್ಲಿ ಖಾದಿ ಚೀಲ. ಬಸ್ಸಿನಲ್ಲಿ ಓಡಾಡುತ್ತಿದ್ದರು, ಬಸ್ಸು ಹೋಗದ ಕಡೆ ನಡೆಯುತ್ತಿದ್ದರು. ನಾನು ಮೀಸೆ ತಿರುವುವ ಪೊಲೀಸಿನವನನ್ನು ನಿರೀಕ್ಷಿಸಿದ್ದೆ. ಪ್ರಾಥಮಿಕ ಶಾಲೆಯ ಮೇಷ್ಟರಂತಿದ್ದ ಈ ಮನುಷ್ಯನನ್ನು ಕಂಡು ಭಯ ಕಡಿಮೆಯಾಗಬೇಕಿತ್ತು. ಆಗಲಿಲ್ಲ, ಹೆಚ್ಚಾಯಿತು. ಗದರುವವರ ಎದುರಿಗೆ ಹೇಗಿರಬೇಕೆಂದು ನನಗೆ ಗೊತ್ತಿತ್ತು. ಮೆತ್ತಗೆ ಮಾತಾಡಿ ಚೀಲದಿಂದ ನೋಟ್‌ಬುಕ್ ತೆಗೆಯುವವರ ಎದುರಿಗೆ ಹೇಗಿರಬೇಕೋ ಗೊತ್ತಿರಲಿಲ್ಲ.

ಅವತ್ತು ಕುಳಿತ ಕೂಡಲೇ ಅಮ್ಮನನ್ನು ಒಂದು ವಿಚಿತ್ರ ಪ್ರಶ್ನೆ ಕೇಳಿದರು.

"ಅಕ್ಕಪಕ್ಕದೋರು ಕೇಳ್ತಾರಲ್ಲಮ್ಮ, ಬರೋರು ಯಾರು ಅಂತ. ನಾನು ಯಾರಾಗ್ಬೇಕು?"

ಅಮ್ಮನಿಗೆ ಅರ್ಥವಾಗಲಿಲ್ಲ. ಅವರು ಬಿಡಿಸಿ ಹೇಳಿದರು. ತಾವು ಯಾವ ಮನೆಗೂ ಪ್ರೊಬೇಷನ್ ಆಫೀಸರ್ ಆಗಿ ಹೋಗುವುದಿಲ್ಲ. ಕೇರಿಗೆ ಗೊತ್ತಾದರೆ ಹುಡುಗ ಅಲ್ಲೇ ಕೆಟ್ಟ, ಆಮೇಲೆ ತಿದ್ದುವುದಕ್ಕೇನೂ ಉಳಿಯುವುದಿಲ್ಲ. ಆದ್ದರಿಂದ ತಾವು ಯಾರೆಂದು ಆಯಾ ಮನೆಯವರೇ ನಿಶ್ಚಯಿಸಬೇಕು. "ಸುಮಾರ್ ಮನೇಲಿ ನಾನು ಇನ್ಶೂರೆನ್ಸ್ ಏಜೆಂಟು. ಅದು ಒಳ್ಳೇದು, ಯಾರೂ ಎರಡ್ನೇ ಮಾತು ಕೇಳಲ್ಲ, ಓಡೋಗ್ತಾರೆ. ಆದ್ರೆ ಒಂದು. ನಾನಾಗಿ ಸುಳ್ಳು ಹೇಳಲ್ಲ. ನೀವು ಹೇಳ್ಕೊಳ್ಳಿ, ನಾನು ಸುಮ್ನಿರ್ತೀನಿ."

ಅಮ್ಮ ಗಾಬರಿಯಲ್ಲಿ, "ಹಿಂದಿ ಮೇಷ್ಟ್ರು ಅಂತೀನಿ ಸಾರ್" ಎಂದುಬಿಟ್ಟಳು. ಕ್ವಾರ್ಟರ್ಸಿನ ಮಕ್ಕಳು ಹಿಂದಿ ಪರೀಕ್ಷೆಗೆ ಕಟ್ಟುತ್ತಿದ್ದ ಕಾಲ ಅದು. ಅವಳ ಬಾಯಿಗೆ ಬಂದದ್ದು ಅದೇ.

ಈ ಬುದ್ಧಿವಂತಿಕೆ ತಿಂಗಳೊಳಗೆ ನಮಗೇ ಸುತ್ತಿಕೊಂಡಿತು. ಪಕ್ಕದ ಮನೆಯ ಟಿಕೆಟ್ ಕಲೆಕ್ಟರರ ಹೆಂಡತಿ ಮಗಳ ಕೈಯಲ್ಲಿ ಪುಸ್ತಕ ಕೊಟ್ಟು, ನಮ್ಮ ಹುಡುಗಿಗೂ ಜೊತೆಯಲ್ಲೇ ಪಾಠ ಆಗಲಿ ಎಂದು ನೇರವಾಗಿ ಒಳಗೆ ಕಳಿಸಿದಳು. ನಾನು ಗೋಡೆಗೆ ಅಂಟಿಕೊಂಡೆ. ಅವರು ಹುಡುಗಿಯ ಪುಸ್ತಕ ತೆಗೆದುಕೊಂಡು ಎರಡು ಹಾಳೆ ತಿರುವಿ, ಗಂಭೀರವಾಗಿ ತಲೆಯಾಡಿಸಿ ತಮಿಳಿನಲ್ಲಿ, "ನಾನು ಒಂದು ಸಲಕ್ಕೆ ಒಬ್ಬರನ್ನೇ ನೋಡಿಕೊಳ್ಳೋದಮ್ಮಾ. ಇವನು ಪಾಸಾಗೋವರೆಗೆ ಬೇರೆ ಯಾರಿಗೂ ಇಲ್ಲ" ಎಂದರು. ಹುಡುಗಿ ಹೋದಳು. ಅವರು ನನ್ನ ಕಡೆ ತಿರುಗಿ, "ಇನ್ನು ನೀನು ಹಿಂದಿ ಕಲೀಲೇಬೇಕು ತಂಬಿ. ಪರೀಕ್ಷೆ ರಿಸಲ್ಟ್ ಕೇಳ್ತಾಳೆ ಆಯಮ್ಮ" ಎಂದರು. ನಾನು ಹೆದರಿಕೆಯಿಂದ ಹಿಂದಿ ಕಲಿತೆ. ಮೂರು ಪರೀಕ್ಷೆ ಪಾಸಾದೆ. ಜೀವನದಲ್ಲಿ ನಾನು ಮೊದಲ ಸಲಕ್ಕೇ ಪಾಸಾದ ಪರೀಕ್ಷೆಗಳು ಅವೇ.

ತಿಂಗಳಿಗೊಮ್ಮೆ ಅವರು ಬರುತ್ತಿದ್ದರು. ತಿಂಗಳಿಗೊಮ್ಮೆ ನಾನು ಅವರ ಆಫೀಸಿಗೆ ಹೋಗಬೇಕಿತ್ತು. ಅಲ್ಲಿ ವರಾಂಡದಲ್ಲಿ ಒಂದು ಉದ್ದನೆಯ ಬೆಂಚು. ಆ ಬೆಂಚಿನಲ್ಲಿ ಕುಳಿತು ನಾನು ಕಲಿತದ್ದು ಯಾವ ಕಾಲೇಜಿನಲ್ಲೂ ಕಲಿಯಲಿಲ್ಲ. ಹತ್ತರಲ್ಲಿ ಎಂಟು ಜನ ನನ್ನ ವಯಸ್ಸಿನವರೇ. ಸೈಕಲ್ ಕದ್ದವರು, ಜೇಬು ಕತ್ತರಿಸಿದವರು, ಹೊಡೆದಾಡಿ ತಲೆ ಒಡೆದವರು. ಹೆಂಗಸರು ಒಬ್ಬಿಬ್ಬರು, ಕಳ್ಳಭಟ್ಟಿ ಕೇಸಿನವರು, ಸೊಂಟದಲ್ಲಿ ಮಗು. ತಲೆ ನರೆತವರು ಅಪರೂಪ. ಒಮ್ಮೆ ಅವರು ಹೊರಗೆ ಹೋಗಿದ್ದಾಗ ಮೇಜಿನ ಮೇಲೆ ತೆರೆದಿದ್ದ ರಿಜಿಸ್ಟರಿನೊಳಗೆ ಕಣ್ಣು ಹಾಕಿದೆ. ವಯಸ್ಸಿನ ಕಾಲಂ ನೋಡಿದರೆ ಕಾಲೇಜಿನ ಹಾಜರಿ ಪುಸ್ತಕ. ಓದು ಎಂಬ ಕಾಲಮಿನಲ್ಲಿ ಸಾಲುಸಾಲಾಗಿ ಅಡ್ಡಗೆರೆ. ತಂದೆ ಎಂಬಲ್ಲಿ 'ಇಲ್ಲ', 'ಇಲ್ಲ', 'ಗೊತ್ತಿಲ್ಲ'. ನನ್ನ ಸಾಲಿನಲ್ಲಿ ಎಲ್ಲ ಮನೆಗಳೂ ತುಂಬಿದ್ದವು. ಅದನ್ನು ಕಂಡು ನನಗೆ ಸಮಾಧಾನವಾಯಿತು ಎಂದು ಹೇಳಲು ಈಗ ನಾಚಿಕೆಯಾಗುತ್ತದೆ.

ಹೊಸದಾಗಿ ಬಂದ ಹುಡುಗರನ್ನು ಅವರು ಏನು ಕದ್ದೆ, ಯಾಕೆ ಕದ್ದೆ ಎಂದು ಕೇಳುತ್ತಿರಲಿಲ್ಲ. "ಇವತ್ತು ನೀನು ಮನೆಗೆ ಹೋಗ್ಲಿಲ್ಲ ಅಂದ್ರೆ ಯಾರಿಗೆ ಗೊತ್ತಾಗ್ತೈತೆ?" ಎಂದು ಕೇಳುತ್ತಿದ್ದರು. ನಾನು ಪಟಪಟನೆ ಅಪ್ಪ, ಅಮ್ಮ, ತಂಗಿ ಎಂದಿದ್ದೆ. ಸೆಲ್ವಂ ಬಹಳ ಹೊತ್ತು ಯೋಚಿಸಿ, ಟೀ ಅಂಗಡಿಯ ನಾಯಿಗೆ ಎಂದನಂತೆ. ಇದನ್ನು ಅವರೇ ನನಗೆ ಹೇಳಿದರು. ಹೇಳಿ ನಗಲಿಲ್ಲ.

ಅವರಿಗೆ ಕಷ್ಟವಾಗುತ್ತಿದ್ದದ್ದು ನಮ್ಮ ವಯಸ್ಸಿನವರೇ. "ಸಾರಾಯಿ ಕಾಯ್ಸೋ ಮುದುಕಿ ಹೇಳಿದ್ ದಿನ ಹೇಳಿದ್ ಟೈಮಿಗೆ ಬಂದು ನಿಂತ್ಕೊತಾಳೆ. ಮೂವತ್ತು ದಾಟಿದೋನಿಗೆ ಹೆಂಡ್ತಿ ಮಕ್ಕಳ ಯೋಚ್ನೆ. ನೀವಿದ್ದೀರಲ್ಲ, ಇವತ್ತು ಕಾಲಿಗ್ ಬಿದ್ದು ಅಳ್ತೀರಿ, ನಾಳೆ ಬಾಂಬೆ ಮೇಲ್ ಹತ್ತಿರ್ತೀರಿ. ಎಲ್ಲಿ ಹುಡುಕ್ಲಿ?" ಎನ್ನುತ್ತಿದ್ದರು. ಹುಡುಕುತ್ತಲೂ ಇದ್ದರು. ಸೆಲ್ವಂ ಟೀ ಅಂಗಡಿಯ ಹಿಂದಿನಿಂದ ಸೇತುವೆಯ ಕೆಳಕ್ಕೆ, ಅಲ್ಲಿಂದ ಯಾವುದೋ ಗೋದಾಮಿನ ಜಗಲಿಗೆ ಜಾಗ ಬದಲಿಸಿದಾಗಲೆಲ್ಲ ಬೆಳಿಗ್ಗೆ ಬೀದಿಯ ನೀರಿನ ನಲ್ಲಿಯ ಸಾಲಿನಲ್ಲಿ ಹೋಗಿ ನಿಲ್ಲುತ್ತಿದ್ದರಂತೆ. ಆ ಸುತ್ತಿನಲ್ಲಿ ಎಲ್ಲಿ ಮಲಗಿದರೂ ನೀರಿಗೆ ಆ ನಲ್ಲಿಗೇ ಬರಬೇಕಲ್ಲ. ಆದರೆ ರಿಜಿಸ್ಟರಿನಲ್ಲಿ ವಿಳಾಸದ ಕಾಲಮಿಗೆ ಬೀದಿಯ ನಲ್ಲಿ ಎಂದು ಬರೆಯುವಂತಿರಲಿಲ್ಲ. ಅದನ್ನು ಖಾಲಿ ಬಿಟ್ಟಿದ್ದರು. ಆ ಖಾಲಿ ಜಾಗದ ಬಗ್ಗೆ ಮೇಲಧಿಕಾರಿ ಅವರನ್ನು ಬೈಯುತ್ತಿದ್ದದ್ದು ಬೆಂಚಿನವರೆಗೂ ಕೇಳುತ್ತಿತ್ತು. ಮೇಲಧಿಕಾರಿಯ ಗಂಟೆ ಬಾರಿಸಿದರೆ ಅವರು ಎದ್ದುನಿಂತು ಅಂಗಿಯ ಕುತ್ತಿಗೆಯ ಗುಂಡಿ ಹಾಕಿಕೊಂಡು ಒಳಗೆ ಹೋಗುತ್ತಿದ್ದರು. ಹೊರಗೆ ಬಂದು ತೆಗೆಯುತ್ತಿದ್ದರು. ನನ್ನನ್ನು ಹೆದರಿಸುವವರೂ ಹೆದರುತ್ತಾರೆಂಬುದು ಆಗ ನನಗೆ ಹೊಳೆಯಲಿಲ್ಲ.

ಇಪ್ಪತ್ತೆರಡನೆಯ ತಿಂಗಳಿನಲ್ಲಿ ನಾನು ಬ್ಯಾಂಕಿನ ಲಿಖಿತ ಪರೀಕ್ಷೆ ಪಾಸಾಗಿ ಸಂದರ್ಶನದ ಪತ್ರ ಬಂದಿತ್ತು. ಅಮ್ಮ ಆ ಪತ್ರವನ್ನು ದೇವರ ಮುಂದಿಟ್ಟಿದ್ದಳು. ಇನ್ನು ಎರಡು ತಿಂಗಳು ಕಳೆದರೆ ನಾನು ಬಿಡುಗಡೆಯಾದ ಮನುಷ್ಯ. ಆ ವಾರ ಒಂದು ಮಧ್ಯಾಹ್ನ ಕೋಡಂಬಾಕ್ಕಂ ಸ್ಟೇಷನ್ನಿನ ಹೊರಗೆ ಬಸ್ಸಿಗೆ ನಿಂತಿದ್ದೆ. ಹಿಂದಿನಿಂದ ಯಾರೋ ತೋಳು ಹಿಡಿದರು. ಸೆಲ್ವಂ. ಇನ್ನೂ ಸಣ್ಣಗಾಗಿದ್ದ. ಕೈಯಲ್ಲಿ ಮಡಿಸಿ ಮಡಿಸಿ ಹರಿಯುವಂತಾಗಿದ್ದ ಒಂದು ಕಾಗದ.

"ಡೇಯ್, ಇದ ಕೊಂಜಂ ಪಡಿಚ್ಚು ಸೊಲ್ಲುಡಾ" ಎಂದ. ಇದನ್ನು ಸ್ವಲ್ಪ ಓದಿ ಹೇಳೋ ಎನ್ನುತ್ತಿದ್ದ. ಆಫೀಸಿನಿಂದ ಹಳೆಯ ಟೀ ಅಂಗಡಿಗೆ ಬಂದದ್ದು, ಇಂಗ್ಲಿಷಿನಲ್ಲಿತ್ತು. ಮೂರು ದಿನದಿಂದ ಜೇಬಿನಲ್ಲಿಟ್ಟುಕೊಂಡು ಅಲೆಯುತ್ತಿದ್ದನಂತೆ, ಹಿಡಿದು ಒಳಗೆ ಹಾಕುವ ಆರ್ಡರೋ ಏನೋ ಎಂಬ ಭಯ. ಯಾರಿಗೆ ತೋರಿಸಿದರೆ ಏನಾಗುವುದೋ ಎಂದು ಯಾರಿಗೂ ತೋರಿಸಿರಲಿಲ್ಲ. ನಾನು ಓಡಿಹೋಗಬೇಕಿತ್ತು. ಓಡಲಿಲ್ಲ. ಕಾಗದ ತೆಗೆದುಕೊಂಡು ಓದಿದೆ. ಈಗಿನ ವಾಸಸ್ಥಳಕ್ಕೆ ಪುರಾವೆ ತೆಗೆದುಕೊಂಡು ಬಂದು ಕಾಣತಕ್ಕದ್ದು ಎಂದಿತ್ತು, ಅಷ್ಟೇ. ತಮಿಳಿನಲ್ಲಿ ಅವನಿಗೆ ಹೇಳಿದೆ. "ಅವ್ವಳವುದಾನಾ?" ಅಷ್ಟೇನಾ ಎಂದು ಅವನು ಉಸಿರು ಬಿಟ್ಟ. ಎರಡು ನಿಮಿಷವೂ ಆಗಿರಲಿಲ್ಲ.

ತಲೆಯೆತ್ತಿದರೆ ರಸ್ತೆಯ ಆಚೆ ಬಸ್ ಸ್ಟಾಪಿನಲ್ಲಿ ಅವರು ನಿಂತಿದ್ದರು. ಹೆಗಲಲ್ಲಿ ಚೀಲ. ನೇರವಾಗಿ ನಮ್ಮನ್ನೇ ನೋಡುತ್ತಿದ್ದರು. ಅವರ ಪಕ್ಕದಲ್ಲಿ ಅವರ ಮೇಲಧಿಕಾರಿ. ಅವರೂ ನೋಡುತ್ತಿದ್ದರು. ಬಸ್ಸು ಬಂದು ಅಡ್ಡ ನಿಂತಿತು. ಹೋದ ಮೇಲೆ ಅಲ್ಲಿ ಯಾರೂ ಇರಲಿಲ್ಲ. ಸೆಲ್ವಂ ಆಗಲೇ ಜನರೊಳಗೆ ಸೇರಿಹೋಗಿದ್ದ. ನಾನು ಮನೆಯವರೆಗೂ ನಡೆದುಕೊಂಡೇ ಹೋದೆ. ಬಸ್ಸು ಹತ್ತುವಷ್ಟು ಧೈರ್ಯ ಉಳಿದಿರಲಿಲ್ಲ.

ಆಮೇಲಿನ ನಾಲ್ಕು ದಿನ ನಮ್ಮ ಮನೆಯಲ್ಲಿ ಒಲೆ ಹೊತ್ತಿದ್ದು ತಂಗಿಗಾಗಿ ಮಾತ್ರ. ಅವಳು ಚಿಕ್ಕವಳು, "ಏನ್ ಅಪ್ಪಾ, ಎಲ್ಲಾರುಂ ಇಪ್ಪಡಿ ಇರುಕೀಂಗ?" ಎಲ್ಲರೂ ಯಾಕೆ ಹೀಗಿದ್ದೀರಿ ಎಂದು ತಮಿಳಿನಲ್ಲಿ ಕೇಳುತ್ತಿದ್ದಳು. ಐದನೆಯ ದಿನಕ್ಕೆ ಆಫೀಸಿಗೆ ಬರಬೇಕೆಂದು ಕರೆ ಬಂತು. ಅಪ್ಪ ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋದರು. ನನ್ನಪ್ಪ ಆಫೀಸಿನ ಪೆನ್ಸಿಲನ್ನು ಮನೆಗೆ ತಂದವರಲ್ಲ.

"ಅವನೇ ಕರೆದ ಅಂತ ಹೇಳು" ಎಂದರು. "ಮತ್ತೆ ಕದಿಯೋಣ ಬಾ ಅಂದ, ನಾನು ಬೈದೆ ಅಂತ ಹೇಳು."

"ಅವನು ಕಾಗದ ಓದಿಸ್ಕೊಂಡ ಅಪ್ಪಾ, ಅಷ್ಟೇ."

"ನಂಗೊತ್ತು ಕಣೋ. ಅದನ್ನ ಹೇಳಿದ್ರೆ ಇಬ್ರೂ ಮಾತಾಡಿದ್ರಿ ಅಂತಾಗುತ್ತೆ. ಇಬ್ರನ್ನೂ ಕಳಿಸ್ತಾರೆ. ಅವನಿಗೇನು, ಹೊರಗಿದ್ರೂ ಒಂದೇ ಒಳಗಿದ್ರೂ ಒಂದೇ. ನೀನು ಹೋದ್ರೆ ನಿಮ್ಮಮ್ಮ ಉಳಿಯಲ್ಲ." ಅಪ್ಪನ ಗಲ್ಲ ಅದುರುತ್ತಿತ್ತು. ಅದುವರೆಗೆ ಅಪ್ಪ ಅಳುವುದನ್ನು ನಾನು ನೋಡಿರಲಿಲ್ಲ.

ಆಫೀಸಿನಲ್ಲಿ ಅವರು ಕುರ್ಚಿ ತೋರಿಸಿದರು. ಬಿಳಿ ಹಾಳೆ ತೆಗೆದುಕೊಂಡರು. ನಾನು ಅಪ್ಪ ಹೇಳಿಕೊಟ್ಟದ್ದನ್ನು ಒಪ್ಪಿಸಿದೆ. ಸ್ಟುಡಿಯೋದಲ್ಲಿ ಮರೆಯಲ್ಲಿ ನಿಂತು ಬೇರೆಯವರಿಗೆ ಮಾತು ಹೇಳಿಕೊಡುತ್ತಿದ್ದವನಿಗೆ ಕಂಠಪಾಠ ಕಷ್ಟವಾಗಲಿಲ್ಲ. ಅವರು ಬರೆಯಲಿಲ್ಲ. ಪೆನ್ನಿನ ಮುಚ್ಚಳ ಹಾಕಿದರು.

"ಹೊರಗೆ ಪಾನೆ ಐತೆ. ಹೋಗಿ ನೀರು ಕುಡ್ಕೊಂಡ್ ಬಾ ತಂಬಿ. ಬಂದು ಇನ್ನೊಂದ್ ಸಲ ಹೇಳು."

ವರಾಂಡದ ಮಡಕೆಯ ಹತ್ತಿರ ಹೋದೆ. ಒಂದು ಲೋಟ ಕುಡಿದೆ. ನಿಜ ಹೇಳಿಬಿಡಲೇ ಎನಿಸಿತು. ಬಾಂಡು, ಬ್ಯಾಂಕಿನ ಪತ್ರ, ಅಮ್ಮ, ಎಲ್ಲಕ್ಕಿಂತ ಹೆಚ್ಚಾಗಿ ಜೈಲಿನೊಳಗೆ ನನ್ನ ವಯಸ್ಸಿನ ಹುಡುಗರಿಗೆ ಏನು ಮಾಡುತ್ತಾರೆಂದು ಆ ಬೆಂಚಿನಲ್ಲಿ ಕೇಳಿದ್ದ ಕತೆಗಳು ನೆನಪಾದವು. ಇನ್ನೊಂದು ಲೋಟ ಕುಡಿದು ಒಳಗೆ ಬಂದು ಅದನ್ನೇ ಹೇಳಿದೆ. ಒಂದು ಮಾತು ಆಚೀಚೆಯಾಗಲಿಲ್ಲ. ಅವರು ಬರೆದರು, ಓದಿ ಹೇಳಿದರು, ನಾನು ಸಹಿ ಹಾಕಿದೆ. ಅಷ್ಟರಲ್ಲಿ ಒಳಗಿನ ಗಂಟೆ ಬಾರಿಸಿತು. ಅವರು ಕುತ್ತಿಗೆಯ ಗುಂಡಿ ಹಾಕಿಕೊಂಡು ಹಾಳೆ ಎತ್ತಿಕೊಂಡು ಹೋದರು.

ಸೆಲ್ವಂನನ್ನು ಬೋರ್‌ಸ್ಟಲ್ ಶಾಲೆಗೆ ಕಳಿಸಿದರು. ಶಾಲೆ ಎಂಬುದು ಹೆಸರಿಗೆ, ಅದು ಹರೆಯದವರ ಜೈಲು. ನಾನು ಎರಡು ತಿಂಗಳು ಮುಗಿಸಿದೆ. ಕೊನೆಯ ಸಲ ಅವರು ಮನೆಗೆ ಬಂದಾಗ ಅಮ್ಮ ಪಾಯಸ ಮಾಡಿದ್ದಳು. ತಿಂದರು, ಚೆನ್ನಾಗಿದೆ ಎಂದರು. ಹೊರಡುವಾಗ ನನಗೆ, "ಬ್ಯಾಂಕ್ ಕೆಲಸ ಚೆನ್ನಾಗಿ ಮಾಡಿ, ಬರ್ತೀನಿ" ಎಂದರು. ಎರಡು ವರ್ಷ ತಂಬಿ, ನೀನು ಎನ್ನುತ್ತಿದ್ದವರು ಮಾಡಿ ಎಂದದ್ದು ಆ ಹೊತ್ತಿಗೆ ಮರ್ಯಾದೆಯಂತೆ ಕೇಳಿಸಿತು. ಬಾಗಿಲು ಹಾಕಿಕೊಂಡ ಮೇಲೆ ಹಾಗಲ್ಲ ಎಂದು ತಿಳಿಯಿತು.

ಎಂಬತ್ತರ ದಶಕ ಅರ್ಧ ಕಳೆದ ಮೇಲೆ ಒಂದು ದಿನ ಅವರು ನಿವೃತ್ತರಾಗಿ ಪೋರೂರಿನಲ್ಲಿ ಇದ್ದಾರೆಂದೂ, ಮೈ ಚೆನ್ನಾಗಿಲ್ಲವೆಂದೂ ತಿಳಿಯಿತು. ಕೆರೆಯ ಹತ್ತಿರ ಎರಡು ಕೋಣೆಯ ಮನೆ. ಆಗ ಅಲ್ಲಿ ಇನ್ನೂ ಹೊಲಗಳಿದ್ದವು. ನಾನು ಹಣ್ಣು ಹಿಡಿದುಕೊಂಡು ಹೋದೆ. ಬೀದಿಯಲ್ಲಿ ನಿಂತು ಕೆಮ್ಮಬೇಕೆನಿಸಿ ಕೆಮ್ಮದೆ ಒಳಗೆ ಹೋದೆ. ಗುರುತು ಹಿಡಿದರು. ಅವರ ಹೆಂಡತಿ ಕಾಫಿ ಕೊಟ್ಟು ಒಳಗೆ ಹೋದ ಮೇಲೆ ಹಳೆಯ ಬೆಂಚಿನ ಮಾತೆಲ್ಲ ಬಂತು. ಆ ಹುಡುಗ ಲಾರಿ ಓಡಿಸುತ್ತಾನೆ, ಆ ಮುದುಕಿ ಸತ್ತಳು. ಸೆಲ್ವಂನ ಹೆಸರನ್ನು ಇಬ್ಬರೂ ಎತ್ತಲಿಲ್ಲ. ಎದ್ದು ನಿಂತವನು ನಾನೇ ತಡೆಯಲಾಗದೆ ಹೇಳಿಬಿಟ್ಟೆ.

"ಸಾರ್, ಅವತ್ತು ನಾನು ಹೇಳಿದ್ದು ಸುಳ್ಳು."

"ಗೊತ್ತಪ್ಪ. ಕೂತ್ಕೊ."

ಕುಳಿತೆ. ಅವರು ಗೋಡೆಯ ಕಡೆ ನೋಡುತ್ತ ಮಾತಾಡಿದರು.

"ನಿನ್ ಕರ್ಸಿದ್ದು ಮಧ್ಯಾಹ್ನ. ಅವನ್ನ ಬೆಳಿಗ್ಗೆನೇ ಕರ್ಸಿದ್ದೆ. ಅವನೇನಂದ ಗೊತ್ತಾ? ನಾನ್ ದಾನ್ ಸಾರ್ ಕೂಪ್ಟೇನ್, ನಾನೇ ಕರೆದೆ, ಮತ್ತೆ ಕದಿಯೋಣ ಬಾ ಅಂದೆ, ಅವನು ಬೈದ್ಬುಟ್ಟ, ಅವನು ಒಳ್ಳೇ ಹುಡ್ಗ, ಅವನ್ಗೆ ಬ್ಯಾಂಕ್ ಕೆಲ್ಸ ಬರ್ತೈತಂತೆ, ಏನೂ ಮಾಡ್ಬೇಡಿ ಅಂದ. ಯಾರ್ ಹೇಳಿದ್ರೋ ಅವನ್ಗೆ ಬ್ಯಾಂಕ್ ವಿಷ್ಯ. ನಿನ್ ಮೇಲೆ ಕಣ್ಣಿಟ್ಟಿದ್ದ ಅಂತ ಕಾಣ್ತೈತೆ. ಅವನ್ಗೂ ನೀರ್ ಕುಡ್ಕೊಂಡ್ ಬಾ ಅಂತ ಕಳ್ಸಿದೆ. ಬಂದು ಅದೇ ಹೇಳ್ದ. ನೀನೂ ಬಂದು ಅದೇ ಹೇಳ್ದೆ. ಎರಡೂ ಹೇಳಿಕೆ ಒಂದಕ್ಕೊಂದು ಅಚ್ಚು ಹಾಕ್ದಂಗಿದ್ವು. ಎರಡೂ ಸುಳ್ಳು. ಆದ್ರೆ ಹೊಂದಿಕೊಂಡ್ಬುಟ್ವು."

"ಮತ್ತೆ ಯಾಕೆ ಸಾರ್ ಕಳಿಸಿದ್ರಿ ಅದನ್ನ?"

"ಭಯ" ಎಂದರು. "ಮೇಲ್ನೋನು ನೋಡ್ಬುಟ್ಟಿದ್ದ. ಇಬ್ರ್ ಮೇಲೂ ಬರಿ ಅಂತ ಕೂತಿದ್ದ. ಇಲ್ಲಾಂದ್ರೆ ನಿನ್ ಮೇಲೇ ನಾನ್ ಬರೀತೀನಿ ಅಂತ ನನ್ಗೇ ಅಂದ. ನಿಜ ಬರೆದಿದ್ರೆ ಇಬ್ರೂ ಹೋಗ್ತಿದ್ರಿ. ಒಬ್ಬನ್ನ ಉಳಿಸ್ಬೋದಾಗಿತ್ತು. ಯಾರನ್ನ ಉಳಿಸ್ಲಿ ಅಂತ ರಿಜಿಸ್ಟರ್ ತೆಗೆದು ನೋಡ್ದೆ." ಕಾಫಿ ಲೋಟವನ್ನು ಬದಿಗೆ ಸರಿಸಿದರು. "ನಿನ್ಗೆ ಅಪ್ಪ ಇದ್ದ. ಅವನ್ಗೆ ನಾನೊಬ್ನೇ ಇದ್ದಿದ್ದು. ನಾನೂ ಹೋಗಿ ನಿನ್ ಅಪ್ಪನ ಪಕ್ಕಾನೇ ನಿಂತ್ಕೊಂಡೆ."

ನಾನು ಹೇಳಿದ್ದು ಸೆಲ್ವಂಗೆ ಗೊತ್ತೇ ಎಂದು ಕೇಳಲು ನನಗೆ ಬಹಳ ಹೊತ್ತು ಹಿಡಿಯಿತು. ಕೋರ್ಟಿನಲ್ಲಿ ನನ್ನ ಹೇಳಿಕೆ ಓದಿದಾಗ ಅವನು ಅಲ್ಲೇ ನಿಂತಿದ್ದನಂತೆ. ನಿಜವೇನಪ್ಪಾ ಎಂದು ಮ್ಯಾಜಿಸ್ಟ್ರೇಟರು ಕೇಳಿದರು. ಅವನು ಇವರ ಮುಖ ನೋಡಿದ. ಆಮೇಲೆ "ಆಮಾ ಸಾರ್", ಹೌದು ಸಾರ್ ಎಂದ. ಈಗ ವೇಲಚೇರಿಯಲ್ಲಿ ಸೈಕಲ್ ರಿಪೇರಿ ಅಂಗಡಿ ಇಟ್ಟಿದ್ದಾನೆ, ಹೆಂಡತಿ, ಎರಡು ಮಕ್ಕಳು ಎಂದರು. "ನೀವು ಹೋಗಿ ನೋಡಿದ್ರಾ ಸಾರ್?" ಎಂದೆ. ಇಲ್ಲವೆಂದು ತಲೆಯಾಡಿಸಿದರು. ಎಷ್ಟೋ ಜನರನ್ನು ನಲ್ಲಿಯ ಸಾಲುಗಳಲ್ಲಿ ಹುಡುಕಿದ ಮನುಷ್ಯ ಅವರು. ಒಂದು ಬಸ್ಸು ಹತ್ತಿ ಹೋಗುವ ದಾರಿ ಅದು.

ಅವರು ಹೋದದ್ದು ಆಮೇಲೆ ಮೂರು ವರ್ಷಕ್ಕೆ. ಸುದ್ದಿ ಬಂದ ದಿನ ನಾನು ಪೋರೂರಿಗೆ ಹೋಗಲಿಲ್ಲ. ಅವರ ಬೆಂಚಿನವರೆಲ್ಲ ಬಂದಿರುತ್ತಾರೆ, ಅವರಲ್ಲಿ ಅವನೂ ಇರಬಹುದು ಎಂಬ ದಿಗಿಲು. ಮರುವಾರ, ಯಾಕೋ ಗೊತ್ತಿಲ್ಲ, ಬ್ಯಾಂಕಿನಿಂದ ಅರ್ಧ ದಿನ ರಜೆ ಹಾಕಿ ವೇಲಚೇರಿಯ ಬಸ್ಸು ಹತ್ತಿದೆ. ಎರಡು ಸ್ಟಾಪು ಮೊದಲೇ ಇಳಿದು, ಮತ್ತೆ ಹತ್ತಿ, ಕೊನೆಗೆ ಇಳಿದೆ. ಕೇಳಿದವರೆಲ್ಲ ತೋರಿಸಿದರು. ಓಲೆಯ ಮಾಡು, ಮುಂದೆ ಟೈರುಗಳು. ಹೊಟ್ಟೆ ಬಂದ ಒಬ್ಬ ಗಂಡಸು ಕುಕ್ಕರಗಾಲಲ್ಲಿ ಕುಳಿತು ಟ್ಯೂಬನ್ನು ನೀರಿನಲ್ಲಿ ಅದ್ದಿ ಗುಳ್ಳೆ ನೋಡುತ್ತಿದ್ದ. ನನ್ನ ನೆರಳು ಬಿದ್ದದ್ದಕ್ಕೆ ತಲೆಯೆತ್ತದೆ, "ಎನ್ನ ಸಾರ್, ಕಾತ್ತಾ?" ಗಾಳಿಯಾ ಎಂದು ಕೇಳಿದ.

ನನ್ನ ಹತ್ತಿರ ಸೈಕಲ್ ಇರಲಿಲ್ಲ. ಅವನು ತಲೆಯೆತ್ತಿ ನೋಡಿದ. ಬಹಳ ಹೊತ್ತೇನೂ ಹಿಡಿಯಲಿಲ್ಲ ಅವನಿಗೆ. ಟ್ಯೂಬನ್ನು ಕೆಳಗಿಟ್ಟು ಕೈ ಒರೆಸಿಕೊಂಡ.

"ಸಾರ್ ಪೋಯಿಟ್ಟಾರಾಮೇ" ಎಂದ. ಸಾರ್ ಹೋದರಂತಲ್ಲ. ಹೌದೆಂದು ತಲೆಯಾಡಿಸಿದೆ.

ಒಳಗಿನಿಂದ ಒಂದು ಸ್ಟೂಲು ಎಳೆದು ತಂದು, ಅದರ ಮೇಲಿನ ಎಣ್ಣೆಯನ್ನು ತನ್ನ ಲುಂಗಿಯ ಅಂಚಿನಿಂದ ಒರೆಸಿ ನನ್ನ ಮುಂದಿಟ್ಟ. "ಉಕ್ಕಾರುಡಾ" ಎಂದ. ಕೂತ್ಕೊಳೋ. ಆಮೇಲೆ ಒಳಗೆ ಹೆಂಡತಿಗೆ, ನನ್ನ ಸ್ನೇಹಿತ ಬಂದಿದ್ದಾನೆ, ಟೀ ತಾ ಎಂದು ಕೂಗಿ ಹೇಳಿದ.

ಅವನು ಕಾಲರ್ ಹಿಡಿದು ಹೊಡೆಯುತ್ತಾನೆಂದು ಸಿದ್ಧನಾಗಿ ಹೋಗಿದ್ದೆ. ಆ ಸ್ಟೂಲಿನ ಮುಂದೆ ನಿಂತೇ ಇದ್ದೆ, ಟೀ ಬಂದು ಆರಿತು, ಕುಳಿತುಕೊಳ್ಳಲು ನನಗೆ ಧೈರ್ಯ ಬರಲಿಲ್ಲ.